ಪ್ರಸಾದದ ಅಳತೆಯೂ ಮೂತ್ರಪಿಂಡದ ಕಾಯಕವೂ





ಒಂದು ವಚನವನ್ನು ಎತ್ತಿಕೊಂಡು ಅದರ ಪದಾರ್ಥ ಭಾವಾರ್ಥಗಳನ್ನು ಬಿಡಿಸಿ ಹೇಳುವುದು ಈ ಅಂಕಣದ ರೂಢಿ. ಈ ಸಲ ವಚನವನ್ನು ಮುಂದಿಟ್ಟುಕೊಳ್ಳದೆ, ನಮ್ಮ ಜಿಲ್ಲೆಯ ಶರಣ ದಂಪತಿಗಳ ಒಂದು ಪ್ರಸಂಗವನ್ನೂ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನೂ ಜೊತೆಗಿಟ್ಟು ಬರೆಯುತ್ತಿದ್ದೇನೆ. ಪೂಜ್ಯರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಪ್ರಸ್ತಾಪ ಹುಟ್ಟಿದ್ದು ಹೀಗೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಬಹುಕಾಲ ಎಂಜಿನಿಯರರಾಗಿ ದುಡಿದು ನಿವೃತ್ತರಾದ ಹಿರಿಯ ಭಕ್ತರೊಬ್ಬರು ಮಠಕ್ಕೆ ನಿತ್ಯವೂ ಬರುತ್ತಾರೆ. ಅವರು ಕೆಲವು ತಿಂಗಳು ಮಗನ ಮನೆಯಲ್ಲಿದ್ದು ಬರಲು ಸಿಂಗಪುರಕ್ಕೆ ಹೋಗಿದ್ದರು. ಅಲ್ಲಿಯ ಉದ್ಯಾನಗಳಲ್ಲಿ ಬೆಳಗಿನ ಜಾವ ವೃದ್ಧರು ಸಾಲಾಗಿ ನಿಂತು, ನೀರಿನೊಳಗೆ ಕೈಯಾಡಿಸುವಷ್ಟು ನಿಧಾನವಾಗಿ ಕೈಗಳನ್ನೆತ್ತಿ ಇಳಿಸುವುದನ್ನು ಕಂಡು, ವಿಚಾರಿಸಿ, ತಾವೂ ಕಲಿತು ಬಂದರು. ಅದಕ್ಕೆ ಚೀ ಕುಂಗ್ ಎಂದು ಹೆಸರು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಮೂತ್ರಪಿಂಡ ದುರ್ಬಲವಾದವರು ನಮ್ಮ ಭಕ್ತರಲ್ಲಿ ಹಲವರಿದ್ದಾರೆ, ಅವರಿಗಾಗಿ ಮಠದ ಅಂಗಳದಲ್ಲಿ ದಿನವೂ ಅರ್ಧ ಗಂಟೆ ಇದನ್ನು ಹೇಳಿಕೊಡಲೇ ಎಂದು ಅವರು ಪೂಜ್ಯರನ್ನು ಕೇಳಿದರು. ಪಕ್ಕದಲ್ಲಿದ್ದ ಮತ್ತೊಬ್ಬ ಹಿರಿಯರಿಗೆ ಅದು ಸರಿಬರಲಿಲ್ಲ. "ಇಷ್ಟಲಿಂಗ ಕೈಯಾಗ ಇಟ್ಕೊಂಡವ್ರಿಗೆ ಚೀನಾದವರ ಉಸಿರಾಟ ಯಾಕ್ ಬೇಕ್ರಿ?" ಎಂದು ನೇರವಾಗಿಯೇ ಕೇಳಿದರು. ಪೂಜ್ಯರು ನಕ್ಕು ನನ್ನತ್ತ ತಿರುಗಿ, "ನೀನು ಶೂನ್ಯಸಂಪಾದನೆಯನ್ನೂ ನೋಡು, ವೈದ್ಯರನ್ನೂ ಕಾಣು, ಆಮೇಲೆ ಹೇಳು" ಎಂದರು.

ಗ್ರಂಥ ನೋಡುವುದು ನನ್ನ ಕಾಯಕ, ಅದರಲ್ಲಿ ಕಷ್ಟವಿರಲಿಲ್ಲ. ಆದರೆ ಮೂತ್ರಪಿಂಡ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮಾನ್ವಿಯ ನಮ್ಮ ಸೋದರಮಾವನವರ ಎಡತೋಳು ಕಣ್ಣಿಗೆ ಕಟ್ಟುತ್ತದೆ.

ಮಾವನವರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದವರು. ಸಸಿ ನಾಟಿಯ ದಿನಗಳಲ್ಲಿ ಸೊಂಟ, ಮೊಣಕಾಲು ಹಿಡಿದುಕೊಂಡರೆ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗುವುದು, ಮರುದಿನ ಮತ್ತೆ ಕೆಸರಿಗಿಳಿಯುವುದು. ಇಪ್ಪತ್ತು ವರ್ಷ ಹೀಗೆ ನಡೆಯಿತು. ರಕ್ತದೊತ್ತಡವಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಮೂತ್ರಪಿಂಡಗಳೆರಡೂ ಸೋತಿದ್ದವು. ವಾರಕ್ಕೆ ಎರಡು ದಿನ ನಸುಕಿನ ಬಸ್ಸು ಹಿಡಿದು ರಾಯಚೂರಿಗೆ ಬಂದು, ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು, ಸಂಜೆಗೆ ಮರಳುವುದು ಅವರ ಬದುಕಾಯಿತು. ಡಯಾಲಿಸಿಸ್‌ಗೆಂದು ಎಡತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿದ್ದರು. ಅದರ ಮೇಲೆ ಬೆರಳಿಟ್ಟರೆ ಒಳಗೆ ಏನೋ ಗುಂಯ್ಯೆನ್ನುತ್ತಿತ್ತು. "ನೋಡೋ, ನನ್ನ ತೋಳಾಗ ಕಾಲವಿ ನೀರು ಹರೀತೈತಿ" ಎಂದು ನಗುತ್ತಿದ್ದರು.

2019ರಲ್ಲಿ ಮಠದ ಜಾತ್ರೆಗೆ ಬಂದರು. ವೈದ್ಯರು ಅವರಿಗೆ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಡ, ಉಪ್ಪಿನಕಾಯಿ ಹಪ್ಪಳ ಮುಟ್ಟಕೂಡದು ಎಂದು ಹೇಳಿದ್ದರು. ನೀರು ಎಂದರೆ ಕುಡಿಯುವ ನೀರಷ್ಟೇ ಅಲ್ಲ. ಚಹಾ, ಮಜ್ಜಿಗೆ, ಸಾರು, ಅಂಬಲಿ ಎಲ್ಲವೂ ಅದೇ ಲೆಕ್ಕಕ್ಕೆ. ಪಂಕ್ತಿಯಲ್ಲಿ ಅಂದು ಬಡಿಸುವ ಸೇವೆ ನನ್ನದು. ಅವರ ಎಲೆಯ ಮುಂದೆ ನಿಂತಾಗ ನನಗೆ ವೈದ್ಯರ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾದೀತು. ನೆನಪಿತ್ತು. ಆದರೆ ಜಾತ್ರೆಯ ಪ್ರಸಾದದಿಂದ ಯಾರಿಗೂ ಕೇಡಾಗದು ಎಂಬ ಭಾವ ಅದಕ್ಕಿಂತ ಬಲವಾಗಿತ್ತು. ಒಂದು ಸೌಟು ಸಾರು ಹಾಕಿದೆ, ಮಾವ ಬೇಡವೆನ್ನಲಿಲ್ಲ. "ಇನ್ನೊಂದು ಹಾಕಿಸಿಕೊಳ್ಳಿ ಮಾವ, ಪ್ರಸಾದ" ಎಂದೆ, ಹಾಕಿಸಿಕೊಂಡರು. ಬದನೆಕಾಯಿ ಎಣಗಾಯಿ, ಮಾವಿನ ಉಪ್ಪಿನಕಾಯಿ, ಸಂಡಿಗೆ, ಎರಡು ಲೋಟ ಮಸಾಲೆ ಮಜ್ಜಿಗೆ. ಎಲೆಯಲ್ಲಿ ಒಂದು ಅಗುಳೂ ಉಳಿಯದಂತೆ ಬಳಿದು ಉಂಡರು. ಅಂದು ರಾತ್ರಿ ಹನ್ನೊಂದರ ಸುಮಾರಿಗೆ ಅವರಿಗೆ ಮಲಗಿದರೆ ಉಸಿರಾಡಲಾಗದೆ, ಗೋಡೆಗೊರಗಿ ಕುಳಿತು ಬಾಯಿ ತೆರೆದು ಏದುಸಿರು ಬಿಡತೊಡಗಿದರು. ಹೊರಹೋಗಲು ದಾರಿಯಿಲ್ಲದ ನೀರು ಶ್ವಾಸಕೋಶದಲ್ಲಿ ನಿಂತಿತ್ತು. ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿ, ತುರ್ತಾಗಿ ಡಯಾಲಿಸಿಸ್ ಮಾಡಿಸಿದ ಮೇಲೆ ಜೀವ ಮರಳಿತು. ಬೆಳಿಗ್ಗೆ ಹಾಸಿಗೆಯ ಪಕ್ಕದಲ್ಲಿ ತಲೆತಗ್ಗಿಸಿ ನಿಂತಿದ್ದ ನನಗೆ ಅವರು ಹೇಳಿದ್ದಿಷ್ಟೇ: "ಪ್ರಸಾದ ನೀಡೋ ಕೈಗೆ ಬ್ಯಾಡ ಅನ್ನಾಕ ಬರಲಿಲ್ಲೋ ತಮ್ಮಾ." ಆ ಬಳಿಕ ಅವರು ಒಂದೂವರೆ ವರ್ಷ ಬದುಕಿದ್ದರು. ಮತ್ತೆ ಪಂಕ್ತಿಗೆ ಕೂಡಲಿಲ್ಲ.

ಅವರ ಆ ಒಂದು ಮಾತಿನ ಎದುರು ನನ್ನ ಎಂ.ಎ. ಪದವಿ, ಸ್ಥಲಕಟ್ಟುಗಳ ಪಾಂಡಿತ್ಯ ಯಾವುದೂ ಉತ್ತರ ಕೊಡಲಿಲ್ಲ. ಪ್ರಸಾದವನ್ನು ನಿರಾಕರಿಸಬಾರದು, ಚೆಲ್ಲಬಾರದು ಎಂಬುದನ್ನು ನಾವು ತಾಯಿಯ ಹಾಲಿನೊಂದಿಗೇ ಕಲಿತವರು. ಹಾಗಾದರೆ ರೋಗಿಯಾದ ಭಕ್ತನು ಏನು ಮಾಡಬೇಕು? ನಿಯಮ ಉಳಿಸಿಕೊಂಡು ಪ್ರಾಣ ಬಿಡಬೇಕೋ, ಪ್ರಾಣ ಉಳಿಸಿಕೊಂಡು ಪ್ರಸಾದ ಬಿಡಬೇಕೋ?

ಇದೇ ಪ್ರಶ್ನೆ 2022ರಲ್ಲಿ ನಮ್ಮ ಮನೆಯೊಳಕ್ಕೇ ಬಂದಿತು. ದೇವದುರ್ಗದಲ್ಲಿರುವ ನಮ್ಮ ತಂದೆಯವರಿಗೆ, ಕಾಲಿನ ಬಾವಿಗೆಂದು ಪರೀಕ್ಷೆ ಮಾಡಿಸಿದಾಗ, ರಕ್ತದಲ್ಲಿ ಕ್ರಿಯಾಟಿನಿನ್ 1.8 ಎಂದೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದೂ ತಿಳಿಯಿತು. ಅವರ ವಯಸ್ಸಿಗೆ ಲೆಕ್ಕ ಹಾಕಿದರೆ ಮೂತ್ರಪಿಂಡಗಳ ಶಕ್ತಿ ನೂರರಲ್ಲಿ ನಲವತ್ತರಷ್ಟು ಉಳಿದಿದೆ ಎಂದು ವೈದ್ಯರು ವಿವರಿಸಿದರು. ಹೋದದ್ದು ಮರಳದು, ಉಳಿದದ್ದನ್ನು ಕಾಯ್ದುಕೊಳ್ಳಬಹುದು ಎಂದೂ ಹೇಳಿದರು. ಉಪ್ಪು ಕಡಿಮೆ ಮಾಡಿರಿ ಎಂದೊಡನೆ ತಂದೆಯವರ ಮುಖ ಬಿಗಿಯಿತು. ಅವರು ದಿನವೂ ಲಿಂಗಾರ್ಪಿತ ಮಾಡಿಯೇ ಉಣ್ಣುವವರು. ಲಿಂಗಕ್ಕೆ ಸಪ್ಪೆಯನ್ನು ಹೇಗೆ ಅರ್ಪಿಸಲಿ ಎಂಬುದು ಅವರ ಸಂಕಟ. ಮನೆಯಲ್ಲಿ ಅವ್ವ ಉಪ್ಪು ಕಡಿಮೆ ಹಾಕಿದರೆ ಮಾತಾಡದೆ ಎದ್ದುಹೋಗುವರು. ಮಠಕ್ಕೆ ಬಂದರೆ ಎಲ್ಲವನ್ನೂ ಹಾಕಿಸಿಕೊಂಡು ಬಳಿದು ಉಣ್ಣುವರು.

ಇಲ್ಲಿ ಮೂತ್ರಪಿಂಡವೆಂಬ ಈ ಅಂಗ ಮಾಡುವ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಅಗತ್ಯ. ನನಗೆ ಅದನ್ನು ತಿಳಿದ ಮೇಲೆಯೇ ದಾರಿ ಕಂಡಿತು. ಬೆನ್ನಿನ ಕೆಳಗೆ, ಬೆನ್ನೆಲುಬಿನ ಎರಡು ಬದಿಗೆ, ಮುಷ್ಟಿಗಾತ್ರದ ಎರಡು ಪಿಂಡಗಳು. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳು. ಹೃದಯ ತಳ್ಳುವ ರಕ್ತದ ಐದನೆಯ ಒಂದು ಭಾಗ ಇವುಗಳಿಗೇ ಬರುತ್ತದೆ. ದಿನವೊಂದಕ್ಕೆ ಇವು ರಕ್ತದಿಂದ ಸೋಸಿ ತೆಗೆಯುವ ದ್ರವ ಸುಮಾರು 180 ಲೀಟರು. ಅಷ್ಟೂ ಹೊರಹೋದರೆ ಮನುಷ್ಯ ಅರ್ಧ ದಿನವೂ ಬದುಕಲಾರ. ಆದ್ದರಿಂದ ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗವನ್ನು ಆರಿಸಿ ಮತ್ತೆ ರಕ್ತಕ್ಕೇ ಸೇರಿಸಿ, ದೇಹಕ್ಕೆ ಬೇಡವಾದ ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಗೆ ಸುರಿಯುತ್ತವೆ. ಎಷ್ಟು ಉಪ್ಪು ಬೇಕು, ಎಷ್ಟು ನೀರು ಬೇಕು, ಎಷ್ಟು ಪೊಟ್ಯಾಸಿಯಂ ಬೇಕು ಎಂದು ಕ್ಷಣಕ್ಷಣಕ್ಕೂ ಅಳೆದು, ಬೇಕಾದುದನ್ನು ಇಟ್ಟುಕೊಂಡು ಹೆಚ್ಚಾದುದನ್ನು ಕಳುಹಿಸುವ ಕಾಯಕ ಅವುಗಳದು. ಮತ್ತೊಂದು ಸಂಗತಿಯೆಂದರೆ ಇವು ದೂರು ಹೇಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಜರಡಿಗಳು ಹಾಳಾಗುವವರೆಗೂ ನೋವಿಲ್ಲ, ಗುರುತಿಲ್ಲ. ಬಾವು, ಆಯಾಸ, ವಾಕರಿಕೆ ಕಾಣಿಸುವಾಗ ಕಾಲ ಬಹಳ ಮೀರಿರುತ್ತದೆ.

ಇದನ್ನು ವೈದ್ಯರ ಬಾಯಿಂದ ಕೇಳುತ್ತಿದ್ದಾಗಲೇ ನನಗೆ ಆಯ್ದಕ್ಕಿ ಲಕ್ಕಮ್ಮನವರು ನೆನಪಾದರು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಹೊರಗಿನವರಲ್ಲ. ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಅವರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನೇ ಇದ್ದಾನೆ. ಕಲ್ಯಾಣಕ್ಕೆ ಹೋಗಿ, ಬಸವಣ್ಣನವರ ಮಹಾಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಮಾರಯ್ಯನವರು ಅದನ್ನೆಲ್ಲ ಆಯ್ದು ಮನೆಗೆ ತಂದರು. ಲಕ್ಕಮ್ಮ ಗಂಟನ್ನು ನೋಡಿದ ಕೂಡಲೇ ತೂಕ ತಿಳಿದರು. ಇದು ನಮ್ಮ ನಿತ್ಯದ ಅಳತೆಯಲ್ಲ, ಹೆಚ್ಚಾದುದನ್ನು ತಂದಲ್ಲಿಗೇ ಒಯ್ದು ಸುರಿದು ಬನ್ನಿ ಎಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು.

ಈ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಆಸೆಯ ನಿರಾಕರಣೆ ಎಂದು ವಿವರಿಸುತ್ತೇವೆ. ನಾನೂ ಹತ್ತಾರು ಕಡೆ ಹಾಗೆಯೇ ಹೇಳಿದ್ದೇನೆ. ಅದು ಸರಿಯೇ. ಆದರೆ ಲಕ್ಕಮ್ಮ ಅಂದು ತಿರುಗಿಸಿ ಕಳುಹಿಸಿದ್ದು ಕದ್ದ ಅಕ್ಕಿಯನ್ನಲ್ಲ, ಅಪವಿತ್ರವಾದ ಅಕ್ಕಿಯನ್ನೂ ಅಲ್ಲ. ಅದು ಬಸವಣ್ಣನವರ ಮನೆಯ ಅಕ್ಕಿ, ದಾಸೋಹಕ್ಕೆ ಸಲ್ಲುವ ಅಕ್ಕಿ. ಅದರಲ್ಲಿದ್ದ ದೋಷ ಒಂದೇ: ಅಳತೆ ಮೀರಿದ್ದು. ಪವಿತ್ರವಾದುದೂ ಅಳತೆ ಮೀರಿದರೆ ಹಿಂದಿರುಗಿಸತಕ್ಕದ್ದು ಎಂದು ಆ ತಾಯಿ ಹೇಳಿಕೊಟ್ಟರು. ಮಹಾಮನೆಯ ಅಕ್ಕಿಯನ್ನೇ ಮರಳಿಸಬಹುದಾದರೆ, ಮಠದ ಎರಡನೆಯ ಸೌಟು ಸಾರನ್ನು ಬೇಡವೆನ್ನಲು ನಮ್ಮ ಮಾವನವರಿಗೆ ಅಧಿಕಾರವಿರಲಿಲ್ಲವೇ? ಇತ್ತು. ಅದನ್ನು ಅವರಿಗೆ ಹೇಳಬೇಕಾಗಿದ್ದವನು ಸೌಟು ಹಿಡಿದು ನಿಂತಿದ್ದ ನಾನು.

ಶಾಸ್ತ್ರದ ದೃಷ್ಟಿಯಿಂದಲೂ ಇದಕ್ಕೆ ಆಧಾರವುಂಟು. ಪ್ರಸಾದಿಗೆ ಮುಖ್ಯವಾದುದು ಅವಧಾನ. ಪದಾರ್ಥವು ಬಂದಾಗ ಅದನ್ನು ಕಂಡು, ಅರಿತು, ಅರ್ಪಿಸಿ, ಆಮೇಲೆ ಪ್ರಸಾದವಾಗಿ ಕೊಳ್ಳುವುದು ಕ್ರಮ. ಅರ್ಪಿತವೇನು ಅನರ್ಪಿತವೇನು ಎಂಬ ವಿವೇಚನೆಯನ್ನು ಚೆನ್ನಬಸವಣ್ಣನವರು ಎಷ್ಟು ಸೂಕ್ಷ್ಮವಾಗಿ ನಡೆಸಿದ್ದಾರೆಂಬುದನ್ನು ಅವರ ವಚನಗಳನ್ನು ಓದಿದವರೆಲ್ಲ ಬಲ್ಲರು. ಎಲೆಗೆ ಬೀಳುವ ಮುನ್ನ ಬೇಡವೆನ್ನುವುದು ನಿರಾಕರಣೆಯಲ್ಲ, ಅವಧಾನ. ಎಲೆಗೆ ಬಿದ್ದ ಮೇಲೆ ಬಿಡುವುದು ಅಪಚಾರ. ನಾವು ಇವೆರಡನ್ನೂ ಬೆರೆಸಿಬಿಟ್ಟಿದ್ದೇವೆ. ಪಾದೋದಕದ ವಿಷಯವೂ ಹಾಗೆಯೇ. ಅದರ ಮಹಿಮೆ ಲೋಟದ ಗಾತ್ರದಲ್ಲಿಲ್ಲ. ನಾಲಗೆಯ ಮೇಲೆ ಒಂದು ಹನಿ ಸಾಕು. (ಪಕ್ಕದ ಪರಂಪರೆಯ ಮಾತೊಂದನ್ನು ಪ್ರಸಂಗವಶಾತ್ ಹೇಳುವುದಾದರೆ, ಮಾನ್ವಿಯ ಜಗನ್ನಾಥದಾಸರೂ ತಮ್ಮ ಹರಿಕಥಾಮೃತಸಾರದಲ್ಲಿ ಭೋಜನಕ್ಕೆಂದೇ ಒಂದು ಸಂಧಿಯನ್ನು ಮೀಸಲಿಟ್ಟರು. ಉಣ್ಣುವುದನ್ನು ಸಣ್ಣ ವಿಷಯವೆಂದು ಈ ಸೀಮೆಯ ಹಿರಿಯರು ಯಾರೂ ತಿಳಿದಿರಲಿಲ್ಲ.)

ಇನ್ನು ಚೀ ಕುಂಗ್. ಚೀನೀ ಭಾಷೆಯಲ್ಲಿ ಚೀ ಎಂದರೆ ಉಸಿರು, ಪ್ರಾಣಶಕ್ತಿ; ಕುಂಗ್ ಎಂದರೆ ದೀರ್ಘಕಾಲ ದುಡಿದು ಪಡೆದ ನೈಪುಣ್ಯ. ಕಾಯಕವನ್ನು ನಂಬಿದ ನಮಗೆ ಎರಡನೆಯ ಪದ ಅಪರಿಚಿತವೆನಿಸಬೇಕಾಗಿಲ್ಲ. ಇಂದು ಈ ಹೆಸರಿನಲ್ಲಿ ಪ್ರಚಲಿತವಾಗಿರುವ ಕ್ರಮವು ವ್ಯವಸ್ಥಿತ ರೂಪ ಪಡೆದದ್ದು ಚೀನಾದಲ್ಲಿ 1950ರ ದಶಕದಲ್ಲಿ. ಆದರೆ ಅದರೊಳಗಿನ ಅಭ್ಯಾಸಗಳು ಬಹಳ ಹಳೆಯವು. ನಮ್ಮ ಹಿರಿಯ ಭಕ್ತರು ಕಲಿತು ಬಂದದ್ದು ಪಾತ್ವಾನ್‌ಚಿನ್, ಅಂದರೆ ಎಂಟು ರೇಷ್ಮೆಯ ತುಣುಕುಗಳು ಎಂಬ ಎಂಟು ಚಲನೆಗಳ ಮಾಲಿಕೆ. ಇದರ ಉಲ್ಲೇಖಗಳು ಸಾಂಗ್ ಅರಸರ ಕಾಲದಲ್ಲಿ (960–1279) ದೊರೆಯುತ್ತವೆ. ಕಲ್ಯಾಣದಲ್ಲಿ ಅನುಭವ ಮಂಟಪ ನಡೆಯುತ್ತಿದ್ದ ಶತಮಾನವೂ ಆ ಅವಧಿಯೊಳಗೇ ಬರುತ್ತದೆ. ಎಂಟರಲ್ಲಿ ಆರನೆಯ ಚಲನೆ ಮೂತ್ರಪಿಂಡ ಮತ್ತು ಸೊಂಟಕ್ಕೆಂದೇ ಇರುವುದು. ಅಂಗೈಗಳನ್ನು ಬೆನ್ನಿನ ಮೇಲೆ ಜಾರಿಸುತ್ತ, ಮೆಲ್ಲನೆ ಮುಂದಕ್ಕೆ ಬಾಗಿ, ಎರಡೂ ಕೈಗಳಿಂದ ಪಾದಗಳನ್ನು ಹಿಡಿದು, ಮತ್ತೆ ನಿಧಾನವಾಗಿ ಏಳಬೇಕು. ಇದಲ್ಲದೆ ಅಂಗೈಗಳನ್ನು ಉಜ್ಜಿ ಬಿಸಿಮಾಡಿ ಸೊಂಟದ ಹಿಂಭಾಗಕ್ಕೆ ಒತ್ತಿಕೊಳ್ಳುವ ಕ್ರಮವೂ ಇದೆ.

ಇಲ್ಲಿ ಒಂದು ಎಚ್ಚರ ಬೇಕು. ಚೀನೀ ವೈದ್ಯದಲ್ಲಿ ಮೂತ್ರಪಿಂಡವೆಂದರೆ ಶಸ್ತ್ರವೈದ್ಯರು ಕಾಣುವ ಆ ಪಿಂಡವಷ್ಟೇ ಅಲ್ಲ. ಜೀವದ ಮೂಲಸತ್ತ್ವವನ್ನು ಕೂಡಿಡುವ ಸ್ಥಾನ, ಜಲತತ್ತ್ವದ ನೆಲೆ, ಎಲುಬು ಮತ್ತು ಕಿವಿಗಳ ಒಡೆಯ, ಭಯವೆಂಬ ಭಾವದ ಮನೆ, ಹೀಗೆ ಅದೊಂದು ವಿಶಾಲ ಕಲ್ಪನೆ. ಆ ಅರ್ಥದಲ್ಲಿ ಮೂತ್ರಪಿಂಡವನ್ನು ಬಲಪಡಿಸುತ್ತದೆ ಎಂದು ಅವರು ಹೇಳಿದ ಮಾತನ್ನು, ಕ್ರಿಯಾಟಿನಿನ್ ಇಳಿಸುತ್ತದೆ ಎಂದು ನಾವು ಓದಿಕೊಂಡರೆ ತಪ್ಪಾಗುತ್ತದೆ. ನಾನು ಕಂಡ ವೈದ್ಯರು ಇದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಇಂತಹ ನಿಧಾನ ಚಲನೆ, ದೀರ್ಘ ಉಸಿರುಗಳಿಂದ ರಕ್ತದೊತ್ತಡ ಸ್ವಲ್ಪ ತಗ್ಗುತ್ತದೆ, ಕಾಲಿಗೆ ಬಲ ಬರುತ್ತದೆ, ನಿದ್ರೆ ಸುಧಾರಿಸುತ್ತದೆ. ರಕ್ತದೊತ್ತಡ ತಗ್ಗಿದರೆ ಮೂತ್ರಪಿಂಡಕ್ಕೆ ಉಪಕಾರವೇ. ಸತ್ತ ಜರಡಿಯನ್ನು ಯಾವ ಅಭ್ಯಾಸವೂ ಎಬ್ಬಿಸದು. ಮಾತ್ರೆ ಬಿಟ್ಟು ಇದನ್ನು ಹಿಡಿದರೆ ನಷ್ಟವೇ. ಬಾಗಿ ಏಳುವಾಗ ತಲೆಸುತ್ತು ಬರುವವರು ಆರನೆಯ ಚಲನೆಯನ್ನು ಅರ್ಧಕ್ಕೇ ನಿಲ್ಲಿಸಬೇಕು.

ಹಿರಿಯ ಭಕ್ತರು ನನಗೆ ಮತ್ತೊಂದನ್ನು ತೋರಿಸಿದರು. ಆರಂಭದಲ್ಲಿ ಮೊಣಕಾಲು ತುಸು ಸಡಿಲಿಸಿ, ಎರಡೂ ಕೈಗಳನ್ನು ಎದೆಯ ಮುಂದೆ ಗುಂಡಾಗಿ ಹಿಡಿದು ನಿಲ್ಲುತ್ತಾರೆ. "ನೋಡ್ರಿ, ಲಿಂಗಪೂಜೆಯ ಕೈಯಂಗೇ ಐತಿ" ಎಂದರು. ಆಕಾರದಲ್ಲಿ ಹೋಲಿಕೆ ಉಂಟು. ಆದರೆ ಅವರ ಕೈಗಳ ನಡುವೆ ಇರುವುದು ಬಯಲು, ನಮ್ಮ ಕರಸ್ಥಲದಲ್ಲಿ ಇರುವುದು ಇಷ್ಟಲಿಂಗ. ಎರಡನ್ನೂ ಒಂದೇ ಎಂದು ಸಾಧಿಸುವ ಉತ್ಸಾಹ ಬೇಡವೆಂದು ನನಗೆ ಅನಿಸುತ್ತದೆ. ಬೋಧಿಧರ್ಮನೆಂಬ ದಕ್ಷಿಣ ಭಾರತದ ಭಿಕ್ಷುವೇ ಚೀನಾಕ್ಕೆ ಹೋಗಿ ಇವನ್ನೆಲ್ಲ ಕಲಿಸಿದನು, ಆದ್ದರಿಂದ ಇವು ನಮ್ಮವೇ ಎಂದು ವಾದಿಸುವವರೂ ಇದ್ದಾರೆ. ಅದು ಐತಿಹ್ಯ, ಇತಿಹಾಸವಲ್ಲ. ಒಳ್ಳೆಯದನ್ನು ಒಪ್ಪಿಕೊಳ್ಳಲು ಅದು ನಮ್ಮಲ್ಲೇ ಹುಟ್ಟಿರಬೇಕೆಂಬ ನಿಯಮವೇನಿಲ್ಲ.

ಆಕ್ಷೇಪಣೆ ಎತ್ತಿದ ಹಿರಿಯರಿಗೆ ಶೂನ್ಯಸಂಪಾದನೆಯಲ್ಲಿ ದೊರೆತ ಉತ್ತರ, ಅವರ ಪರವಾಗಿಯೂ ಇತ್ತು, ವಿರುದ್ಧವಾಗಿಯೂ ಇತ್ತು. ಗೋರಕ್ಷನು ಯೋಗದಿಂದ ದೇಹವನ್ನು ವಜ್ರವಾಗಿಸಿಕೊಂಡವನು. ಅಲ್ಲಮಪ್ರಭುಗಳ ಎದುರು ನಿಂತು, ಖಡ್ಗದಿಂದ ಹೊಡೆದು ನೋಡು ಎಂದನು. ಹೊಡೆದರೆ ಖಣಿಲ್ಲೆಂದು ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ. ಬಳಿಕ ಗೋರಕ್ಷನು ಪ್ರಭುಗಳ ಮೇಲೆ ಖಡ್ಗ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಆಡಿ ಹೊರಬಂದಿತು. ತಾಗಲು ಅಲ್ಲಿ ಏನೂ ಇರಲಿಲ್ಲ. ದೇಹವನ್ನು ಗಟ್ಟಿಮಾಡಿಕೊಳ್ಳುವುದೇ ಸಿದ್ಧಿ ಎಂಬ ಭ್ರಮೆಗೆ ಇದಕ್ಕಿಂತ ದೊಡ್ಡ ಏಟು ಇಲ್ಲ. ಸಾಯದಿರಲೆಂದು ಚೀ ಕುಂಗ್ ಮಾಡುವವನು ಗೋರಕ್ಷನ ಹಾದಿಯವನೇ. ಆದರೆ ಪ್ರಭುಗಳು ದೇಹವನ್ನು ಹಾಳುಗೆಡಹು ಎಂದು ಎಲ್ಲಿಯೂ ಹೇಳಲಿಲ್ಲ. ಬಸವಣ್ಣನವರಂತೂ ತಮ್ಮ ದೇಹವನ್ನೇ ಗುಡಿಯಾಗಿ ಕಂಡವರು. ಗುಡಿಯ ಕಸ ಗುಡಿಸುವುದು ಪೂಜೆಯಲ್ಲ, ಆದರೆ ಕಸ ಗುಡಿಸದೆ ಪೂಜೆಗೆ ಕೂಡುವವರೂ ಇಲ್ಲ. ಚೀ ಕುಂಗ್ ಆ ಕಸ ಗುಡಿಸುವ ಕೆಲಸದಷ್ಟೇ, ಅದಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ ಎಂದು ಪೂಜ್ಯರಿಗೆ ಅರಿಕೆ ಮಾಡಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಷಟ್‌ಸ್ಥಲದಲ್ಲಿ ಪ್ರಸಾದಿ ಮೊದಲೋ ಪ್ರಾಣಲಿಂಗಿ ಮೊದಲೋ?" ಎಂದು ಕೇಳಿದರು. ಭಕ್ತ, ಮಹೇಶ, ಪ್ರಸಾದಿ, ಆಮೇಲೆ ಪ್ರಾಣಲಿಂಗಿ. "ಹಾಗಾದರೆ ಉಸಿರಿನ ಪಾಠ ಆಮೇಲೆ. ಮೊದಲು ನಮ್ಮ ದಾಸೋಹದ ಅಡಿಗೆಮನೆ ನೋಡು" ಎಂದರು. ಹತ್ತು ವರ್ಷ ಷಟ್‌ಸ್ಥಲ ಪಾಠ ಮಾಡಿದ ನನಗೆ ಆ ಅನುಕ್ರಮವನ್ನು ಹೀಗೆ ಓದಬಹುದೆಂದು ಹೊಳೆದಿರಲಿಲ್ಲ.

ಅಡಿಗೆಮನೆ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು, ಎಂದರೆ ಒಂದು ಚಹಾ ಚಮಚದಷ್ಟು. ನಮ್ಮ ಒಂದು ಹೊತ್ತಿನ ಪಂಕ್ತಿಯಲ್ಲೇ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಸೇರಿ ಅದರ ಬಹುಪಾಲು ಮುಗಿದುಹೋಗುತ್ತಿತ್ತು. ಬೆಳಿಗ್ಗೆ ಬಜಾರಿನಲ್ಲಿ ಒಗ್ಗರಣಿ ಮಿರ್ಚಿ ತಿಂದು ಬಂದವರ ಲೆಕ್ಕ ಬೇರೆ. ಸಂತೋಷದ ಸಂಗತಿಯೆಂದರೆ ನಮ್ಮ ಸೀಮೆಯ ಊಟದ ಅಡಿಪಾಯವೇ ಒಳ್ಳೆಯದು. ಜೋಳದ ರೊಟ್ಟಿಗೆ ನಮ್ಮ ತಾಯಂದಿರು ಉಪ್ಪು ಹಾಕುವುದಿಲ್ಲ. ಬಿಸಿರೊಟ್ಟಿ, ಸೊಪ್ಪು, ಹೀರೆಕಾಯಿ ಪಲ್ಯ, ತೆಳುವಾದ ತೊಗರಿಬೇಳೆ, ಕೆಡುವುದು ನಂಜಿಕೊಳ್ಳುವುದರಲ್ಲಿ. ಚಟ್ನಿಪುಡಿ, ಖಾರದ ಉಪ್ಪಿನಕಾಯಿ, ಸಂಡಿಗೆ, ಇವುಗಳಲ್ಲೇ ಉಪ್ಪು ಅಡಗಿದೆ.

ರೋಗ ಮುಂದುವರಿದವರಿಗೆ ಉಪ್ಪಿನ ಜೊತೆ ಪೊಟ್ಯಾಸಿಯಂ ಲೆಕ್ಕವೂ ಬರುತ್ತದೆ. ಆರೋಗ್ಯವಂತರಿಗೆ ಅಮೃತವಾದ ಎಳನೀರು, ಬಾಳೆಹಣ್ಣು, ಕಿತ್ತಳೆ ರಸ ಅವರಿಗೆ ಹೃದಯ ನಿಲ್ಲಿಸುವಷ್ಟು ಅಪಾಯ ತರಬಲ್ಲವು. ರೋಗಿಯನ್ನು ನೋಡಲು ಹೋಗುವ ನಾವು ಒಯ್ಯುವುದು ಎಳನೀರನ್ನೇ ಎಂಬುದನ್ನು ಗಮನಿಸಬೇಕು. ಅಂಥವರಿಗೆ ಕಾಯಿಪಲ್ಯ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ ಅಡಿಗೆ ಮಾಡಬೇಕು. ಉಪ್ಪಿಗೆ ಬದಲಾಗಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುತ್ತದೆ; ವೈದ್ಯರನ್ನು ಕೇಳದೆ ಬಳಸಕೂಡದು. ಬೇಳೆಯ ಪ್ರಮಾಣವೂ ಎಲ್ಲರಿಗೆ ಒಂದೇ ಅಲ್ಲ. ಡಯಾಲಿಸಿಸ್‌ಗೆ ಮೊದಲಿನ ಹಂತದಲ್ಲಿ ಪ್ರೋಟೀನ್ ಮಿತವಾಗಿರಬೇಕು, ಡಯಾಲಿಸಿಸ್ ಆರಂಭವಾದ ಮೇಲೆ ಹೆಚ್ಚು ಬೇಕು. ಒಬ್ಬರ ಪಥ್ಯವನ್ನು ಮತ್ತೊಬ್ಬರು ನಕಲು ಮಾಡುವುದರಿಂದ ಆಗುವ ಹಾನಿ ಸಣ್ಣದಲ್ಲ.

ಊಟದಷ್ಟೇ ಮುಖ್ಯವಾದುದು ನಮ್ಮ ನೆಲದ ಬಿಸಿಲು ಮತ್ತು ನೀರು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ದೇವದುರ್ಗದ ಸುತ್ತ ಹೊಲಗೆಲಸ ಮಾಡುವವರು, ಒಂದು ತಂಬಿಗೆ ನೀರಿನಲ್ಲಿ ಮಧ್ಯಾಹ್ನ ಕಳೆಯುತ್ತಾರೆ. ದೇಹ ಒಣಗಿದಾಗಲೇ ನೋವಿನ ಗುಳಿಗೆ ನುಂಗಿದರೆ ಮೂತ್ರಪಿಂಡಕ್ಕೆ ಬರುವ ರಕ್ತವೇ ಕಡಿಮೆಯಾಗುತ್ತದೆ. ನಮ್ಮ ಮಾವನವರಿಗೆ ಆದದ್ದರಲ್ಲಿ ಇದರ ಪಾಲೂ ದೊಡ್ಡದೆಂದು ವೈದ್ಯರ ಅಭಿಪ್ರಾಯ. ಹೆಸರಿಲ್ಲದ ಭಸ್ಮ, ಚೂರ್ಣಗಳ ಮಾತೂ ಅಷ್ಟೇ. ಅವುಗಳಲ್ಲಿ ಸೀಸ, ಪಾದರಸ ಸೇರಿರುವುದುಂಟು. ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮೂತ್ರಪಿಂಡ ಸೋತವರ ದೇಹ ಅದನ್ನು ಹೊರಹಾಕಲಾರದು. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆತಿಲ್ಲ. ವಾಂತಿಭೇದಿಯಲ್ಲಿ ದೇಹದ ನೀರು ಬತ್ತಿದಾಗ ಬೇಗನೆ ಪೆಟ್ಟು ತಿನ್ನುವುದು ಇದೇ ಅಂಗ. ಶುದ್ಧ ನೀರು ಕೇಳುವುದು ಭಕ್ತರ ಹಕ್ಕು, ಅದಕ್ಕೆ ವಚನದ ಆಧಾರ ಬೇಕಾಗಿಲ್ಲ.

ಈಗ ಮಠದಲ್ಲಿ ಬೆಳಿಗ್ಗೆ ಆರು ಗಂಟೆಗೆ, ಲಿಂಗಪೂಜೆ ಮುಗಿಸಿದವರು ಅಂಗಳದಲ್ಲಿ ನಿಂತು ಎಂಟು ಚಲನೆಗಳನ್ನು ಮಾಡುತ್ತಾರೆ. ಆಕ್ಷೇಪಿಸಿದ ಹಿರಿಯರು ಕಟ್ಟೆಯ ಮೇಲೆ ಕುಳಿತು ನೋಡುತ್ತಾರೆ; ಒಂದೆರಡು ಸಲ ಅವರ ಕೈಗಳು ತಾವಾಗಿಯೇ ಮೇಲೆದ್ದುದನ್ನು ನಾನು ಕಂಡಿದ್ದೇನೆ. ದಾಸೋಹದಲ್ಲಿ ಸಾರಿನ ಉಪ್ಪು ಮೂರನೆಯ ಒಂದು ಭಾಗ ಇಳಿದಿದೆ. ಮೊದಲ ವಾರ ದೂರುಗಳು ಬಂದವು, ಒಂದು ತಿಂಗಳಾದ ಮೇಲೆ ಯಾರೂ ಮಾತಾಡಲಿಲ್ಲ. ಉಪ್ಪಿನಕಾಯಿಯನ್ನು ಕೇಳಿದವರಿಗೆ ಮಾತ್ರ ನೀಡುತ್ತೇವೆ. ಬಡಿಸುವವರು ಸೌಟು ಬಗ್ಗಿಸುವ ಮೊದಲು ಎದುರಿನವರ ಕೈಯನ್ನು ನೋಡಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ. ಸಕ್ಕರೆ ಅಥವಾ ರಕ್ತದೊತ್ತಡವಿರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಪ್ರವಚನದ ಕೊನೆಗೆ ಹೇಳುತ್ತೇವೆ.

ತಂದೆಯವರಿಗೆ ಲಕ್ಕಮ್ಮನವರ ಪ್ರಸಂಗವನ್ನು ನಾನು ಬೋಧಿಸಲಿಲ್ಲ. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಒಂದು ಸಂಜೆ ಸುಮ್ಮನೆ, ಆ ಹೆಚ್ಚಿನ ಅಕ್ಕಿಯನ್ನು ಲಿಂಗಕ್ಕೇ ಅರ್ಪಿಸಿ ಉಣ್ಣಬಹುದಿತ್ತಲ್ಲ, ಯಾಕೆ ಮರಳಿಸಿದಳು ಎಂದು ಕೇಳಿದೆ. ಅವರು ಬಹಳ ಹೊತ್ತು ಉತ್ತರಿಸಲಿಲ್ಲ. ಮರುದಿನ ಅವ್ವನಿಂದ ಫೋನು ಬಂತು: ಸಪ್ಪೆ ಬೇಳೆಯನ್ನು ಲಿಂಗಕ್ಕೆ ತೋರಿಸಿ, ಮಾತಿಲ್ಲದೆ ಉಂಡರಂತೆ. ಈಗ ಬೆಳಿಗ್ಗೆ ಐದು ಚಲನೆಗಳನ್ನು ಮಾಡುತ್ತಾರೆ, ಆರನೆಯದನ್ನು ಮೊಣಕಾಲಿನವರೆಗೆ ಬಾಗಿ ಬಿಡುತ್ತಾರೆ. ಗುಳಿಗೆಗಳನ್ನು ತಪ್ಪಿಸುವುದಿಲ್ಲ. ಕ್ರಿಯಾಟಿನಿನ್ ಇಳಿದಿಲ್ಲ, ಏರಿಯೂ ಇಲ್ಲ.

ಕಳೆದ ಶ್ರಾವಣ ಸೋಮವಾರ ಅವರು ಮಠಕ್ಕೆ ಬಂದಿದ್ದರು. ಪಂಕ್ತಿಯಲ್ಲಿ ಸಾರಿನ ಬಕೆಟ್ಟು ನನ್ನ ಕೈಯಲ್ಲಿತ್ತು. ಒಂದು ಸೌಟು ಹಾಕಿದೆ. ಅಭ್ಯಾಸಬಲದಿಂದ ಎರಡನೆಯದನ್ನು ಎತ್ತಿದ್ದೆ. ತಂದೆಯವರು ತಲೆಯೆತ್ತದೆ, ಬಲಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು. ಸೌಟಿನಲ್ಲಿದ್ದುದನ್ನು ಬಕೆಟ್ಟಿಗೆ ಮರಳಿ ಸುರಿದು ಮುಂದಿನ ಎಲೆಗೆ ನಡೆದೆ.